ಪದಚರ್ಚೆ: ಆಪರೇಷನ್ ಆದ ಹುಟ್ಟುಹೃದ್ರೋಗಕ್ಕೆ ‘ಗುಣವಾಗಿದೆ’ ಅನ್ನಬಹುದೇ?

ಬರೆದವರು: ಅನುವಾದಕಿ, ಮೈಸೂರು
ಸೋಮವಾರ ಬೆಳಿಗ್ಗೆ

ಎಲ್ಲರಿಗೂ ನಮಸ್ಕಾರ. ತುರ್ತಾಗಿ ಮೂರು ಪದ ಬೇಕಾಗಿದೆ. ಬುಧವಾರ ಬೆಳಿಗ್ಗೆ ಬೋರ್ಡ್ ಬರೆಯುವವರು ಬರುತ್ತಾರೆ. ಕರಪತ್ರವೂ ಅವತ್ತೇ ಪ್ರೆಸ್ಸಿಗೆ ಹೋಗಬೇಕು.

ಇಲ್ಲಿನ ಒಂದು ಆಸ್ಪತ್ರೆಯಲ್ಲಿ ಹೊಸ ಓಪಿಡಿ ಶುರುವಾಗುತ್ತಿದೆ, ವಾರಕ್ಕೆ ಒಂದು ದಿನ. ಹೃದಯದ ತೊಂದರೆ ಇಟ್ಟುಕೊಂಡೇ ಹುಟ್ಟಿ, ಈಗ 18 ದಾಟಿದವರಿಗೆ. ಮಕ್ಕಳಾಗಿದ್ದಾಗ ಇಂಥವರನ್ನು ಹುಡುಕಿ ಆಸ್ಪತ್ರೆಗೆ ಕಳಿಸಲು 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಇದೆ. ಅದು 18ಕ್ಕೆ ಮುಗಿಯುತ್ತದೆ. ಆಮೇಲೆ ಮಕ್ಕಳ ಡಾಕ್ಟರ ಹತ್ತಿರ ಹೋಗುವ ಹಾಗಿಲ್ಲ. ದೊಡ್ಡವರ ಹೃದಯ ನೋಡುವವರಿಗೆ ದಿನವೂ ಬರುವುದು ಬ್ಲಾಕು, ಬಿಪಿ. ಈ ನಡುವೆ ಸಿಕ್ಕಿಕೊಂಡವರಿಗಾಗಿ ಈ ಓಪಿಡಿ.

ಮೊದಲನೆಯದು ಬೋರ್ಡು. ‘ವಯಸ್ಕರ ಜನ್ಮಜಾತ ಹೃದ್ರೋಗ ಚಿಕಿತ್ಸಾಲಯ’ ಅಂತ ಬರೆದುಕೊಟ್ಟೆ. ಅಲ್ಲಿನ ನರ್ಸ್ ಓದಿ, “ವಯಸ್ಸಾದವರಿಗೆ ಅಂದ್ಕೊಂಡು ಅಜ್ಜ ಅಜ್ಜಿಯರು ಬರ್ತಾರೆ ಮೇಡಂ” ಅಂದರು. ಅವರು ಹೇಳಿದ್ದು ಸರಿ.

ಎರಡನೆಯದು ‘ರಿಪೇರ್ಡ್’. ಚಿಕ್ಕಂದಿನಲ್ಲಿ ಆಪರೇಷನ್ ಆಗಿರುವ ಹೃದಯಕ್ಕೆ ಹೇಳುವ ಮಾತು. ನಾನು ‘ಗುಣಪಡಿಸಲಾದ’ ಅಂತ ಹಾಕಿದ್ದೆ. ಡಾಕ್ಟರು ಅದನ್ನು ಹೊಡೆದು ಹಾಕಿ, ಈ ಪದ ಬಿಟ್ಟು ಏನು ಬೇಕಾದರೂ ಬರೆಯಿರಿ ಅಂದರು.

ಮೂರನೆಯದು ‘ಲೈಫ್‌ಲಾಂಗ್ ಫಾಲೋಅಪ್’. ‘ಆಜೀವ ಅನುಸರಣೆ’ ಅಂದರೆ ಯಾರೋ ಗುರುಗಳ ಹಿಂದೆ ಹೋದ ಹಾಗಿದೆ. ದಯವಿಟ್ಟು ಸಹಾಯ ಮಾಡಿ.


ಬರೆದವರು: ನಿವೃತ್ತ ಕನ್ನಡ ಮೇಷ್ಟ್ರು, ತುಮಕೂರು
ಸೋಮವಾರ ಮಧ್ಯಾಹ್ನ

‘ಜನ್ಮಜಾತ’ ಬೇಡ. ಜನ್ಮ, ಜಾತ ಎರಡರ ಧಾತುವೂ ಜನ್. ಹುಟ್ಟಿನಲ್ಲಿ ಹುಟ್ಟಿದ್ದು ಅಂತ ಎರಡು ಸಲ ಹೇಳಿದ ಹಾಗಾಯಿತು. ‘ಆಜನ್ಮ’ ಅಂತಲೂ ಕೆಲವರು ಬರೆಯುತ್ತಾರೆ. ಅದು ಇನ್ನೂ ತಪ್ಪು. ಅದಕ್ಕೆ ಬದುಕಿರುವವರೆಗೆ ಅನ್ನುವ ಅರ್ಥ.

ಸರಿಯಾದ ಪದ ನಮ್ಮಲ್ಲೇ ಇದೆ. ‘ಸಹಜ’. ಸಹ ಅಂದರೆ ಜೊತೆಗೆ, ಜ ಅಂದರೆ ಹುಟ್ಟಿದ್ದು. ಇಂಗ್ಲಿಷಿನವರು ಲ್ಯಾಟಿನ್ನಿಂದ ತಂದ ‘ಕಂಜೆನಿಟಲ್’ ಕೂಡ ಹೀಗೇ ಕಟ್ಟಿದ್ದು. ಕಾನ್ ಅಂದರೆ ಜೊತೆಗೆ, ಜೆನಿಟಸ್ ಅಂದರೆ ಹುಟ್ಟಿದ. ಆಯುರ್ವೇದದಲ್ಲಿ ಹುಟ್ಟಿನಿಂದ ಬಂದ ಮೂಲವ್ಯಾಧಿಗೆ ‘ಸಹಜ ಅರ್ಶಸ್’ ಅನ್ನುತ್ತಾರೆ. ಅದು ಒಗ್ಗದಿದ್ದರೆ ಸುಶ್ರುತನ ‘ಜನ್ಮಬಲಪ್ರವೃತ್ತ’ ಇದೆ. ಎರಡರಲ್ಲಿ ಒಂದು ಆರಿಸಿಕೊಳ್ಳಿ.


ಬರೆದವರು: ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು
ಸೋಮವಾರ ಸಂಜೆ

‘ಸಹಜ ಹೃದ್ರೋಗ’ ಆಗದು. ಓದಿದವರು ‘ಇದು ಸಹಜ, ಹೆದರಬೇಕಿಲ್ಲ’ ಅಂದುಕೊಂಡು ಮನೆಗೆ ಹೋಗುತ್ತಾರೆ.

ನಮ್ಮದೇ ಪದ ಇರುವಾಗ ಸಂಸ್ಕೃತದ ಮನೆ ಬಾಗಿಲು ಯಾಕೆ ತಟ್ಟಬೇಕು? ಹುಟ್ಟು, ಗುಂಡಿಗೆ, ಬೇನೆ. ‘ಹುಟ್ಟುಗುಂಡಿಗೆಬೇನೆ’. ಚಿಕ್ಕವರಿಗೂ ತಿಳಿಯುತ್ತದೆ.


ಬರೆದವರು: ಅನುವಾದಕಿ, ಮೈಸೂರು
ಸೋಮವಾರ ಸಂಜೆ

ಸರ್, ಪದ ಚೆನ್ನಾಗಿದೆ. ಆದರೆ ಈ ಓಪಿಡಿ ಇರುವುದು ಹೆರಿಗೆ ವಾರ್ಡಿನ ಪಕ್ಕ. ‘ಹುಟ್ಟು’, ‘ಬೇನೆ’ ಎರಡೂ ಒಂದೇ ಬೋರ್ಡಿನಲ್ಲಿದ್ದರೆ ಜನ ಹೆರಿಗೆ ಬೇನೆ ಅಂತಲೇ ಓದುತ್ತಾರೆ. ‘ಗುಂಡಿಗೆ’ ಅಂದರೆ ನಮ್ಮ ಕಡೆ ಧೈರ್ಯ ಅನ್ನುವ ಅರ್ಥವೇ ಜಾಸ್ತಿ.


ಬರೆದವರು: ವಿಜ್ಞಾನ ಶಿಕ್ಷಕಿ, ಶಿವಮೊಗ್ಗ
ಸೋಮವಾರ ರಾತ್ರಿ

‘ಹುಟ್ಟುಹೃದ್ರೋಗ’ ಅಂದರೆ ಸಾಕಲ್ವಾ?


ಬರೆದವರು: ನಿವೃತ್ತ ಕನ್ನಡ ಮೇಷ್ಟ್ರು, ತುಮಕೂರು
ಸೋಮವಾರ ರಾತ್ರಿ

ಅರಿಸಮಾಸ. ಕನ್ನಡ ಪದಕ್ಕೆ ಸಂಸ್ಕೃತ ಪದ ಬೆಸೆದ ತಪ್ಪು ಸಮಾಸ.


ಬರೆದವರು: ವಿಜ್ಞಾನ ಶಿಕ್ಷಕಿ, ಶಿವಮೊಗ್ಗ
ಸೋಮವಾರ ರಾತ್ರಿ

ಅಲ್ಲ ಮೇಷ್ಟ್ರೇ. ಹುಟ್ಟುಗುರುಡ ಯಾವ ಸಮಾಸ ಅಂತ ನೀವೇ ತರಗತಿಯಲ್ಲಿ ಹೇಳಿರುತ್ತೀರಿ. ಗಮಕ. ಗಮಕಕ್ಕೆ ಅರಿಸಮಾಸದ ದೋಷ ಅಂಟುವುದಿಲ್ಲ. ‘ಹುಟ್ಟುಗುಣ ಸುಟ್ಟರೂ ಹೋಗದು’ ಅನ್ನುವಾಗ ಹುಟ್ಟು ಕನ್ನಡ, ಗುಣ ಸಂಸ್ಕೃತ. ಆ ಗಾದೆಯನ್ನು ಯಾರೂ ತಿದ್ದಿಲ್ಲ.


ಬರೆದವರು: ಹೃದಯದ ಡಾಕ್ಟರು, ಮ್ಯಾಂಚೆಸ್ಟರ್
ಮಂಗಳವಾರ ಬೆಳಗಿನ ಜಾವ

ಸಮಾಸ ನೀವು ನೋಡಿಕೊಳ್ಳಿ. ನನಗೆ ಮುಖ್ಯ ಅನ್ನಿಸುವುದು ಎರಡನೆಯ ಪದ. ಆ ಡಾಕ್ಟರು ‘ಗುಣ’ವನ್ನು ಯಾಕೆ ಹೊಡೆದು ಹಾಕಿದರು ಅಂತ ಹೇಳುತ್ತೇನೆ.

ಫ್ಯಾಲೋ ತೊಂದರೆಯನ್ನೇ ತೆಗೆದುಕೊಳ್ಳಿ. ಫ್ರಾನ್ಸಿನ ಮಾರ್ಸೇಯ ಡಾಕ್ಟರು ಫ್ಯಾಲೋ 1888ರಲ್ಲಿ ಇದನ್ನು ವಿವರಿಸಿ ‘ನೀಲಿ ಕಾಯಿಲೆ’ ಅಂದರು. ಹೃದಯದ ಕೆಳಗಿನ ಎರಡು ಕೋಣೆಗಳ ನಡುವೆ ತೂತು. ಶ್ವಾಸಕೋಶಕ್ಕೆ ಹೋಗುವ ದಾರಿ ಕಿರಿದು. ಮಹಾಪಧಮನಿ ತೂತಿನ ಮೇಲೆ ಸರಿದು ಕೂತಿರುತ್ತದೆ. ಬಲಗಡೆಯ ಗೋಡೆ ದಪ್ಪ. ಹಾಗಾಗಿ ಶ್ವಾಸಕೋಶಕ್ಕೆ ಹೋಗಬೇಕಾದ ರಕ್ತದಲ್ಲಿ ಸ್ವಲ್ಪ ಆಮ್ಲಜನಕ ಸಿಗದೆಯೇ ಮೈಗೆ ಹೋಗಿ, ಮಗುವಿನ ತುಟಿ, ಉಗುರು ನೀಲಿಯಾಗುತ್ತವೆ. 1944ರಲ್ಲಿ ಬಾಲ್ಟಿಮೋರಿನಲ್ಲಿ ಹೆಲೆನ್ ಟಾಸಿಗ್, ಆಲ್ಫ್ರೆಡ್ ಬ್ಲಾಲಾಕ್, ವಿವಿಯನ್ ಥಾಮಸ್ ಸೇರಿ ಶ್ವಾಸಕೋಶಕ್ಕೆ ರಕ್ತ ಹೋಗಲು ಇನ್ನೊಂದು ದಾರಿ ಮಾಡಿಕೊಟ್ಟರು. ಹೃದಯದೊಳಗೆ ಆಗ ಕೈ ಹಾಕಿರಲಿಲ್ಲ. 1954ರಲ್ಲಿ ಮಿನ್ನೆಸೋಟದಲ್ಲಿ ಲಿಲ್ಲೆಹೈ ತಂಡ ಹೃದಯವನ್ನೇ ತೆರೆದು ಸರಿಪಡಿಸಿತು.

ಈ ಸರಿಪಡಿಸುವುದು ಹೇಗೆ ಅಂತ ನೋಡಿ. ತೂತಿಗೆ ತೇಪೆ ಹಾಕುತ್ತಾರೆ. ಕಿರಿದಾದ ದಾರಿಯನ್ನು ಅಗಲ ಮಾಡುತ್ತಾರೆ. ಆ ದಾರಿಯ ಕವಾಟದ, ಅಂದರೆ ವಾಲ್ವಿನ, ಉಂಗುರವೇ ಸಣ್ಣದಿದ್ದರೆ ಅದನ್ನೂ ಕತ್ತರಿಸಿ ಅಲ್ಲಿಗೂ ತೇಪೆ. ಆಗ ದಾರಿ ತೆರೆಯುತ್ತದೆ, ಕವಾಟ ಮಾತ್ರ ಸರಿಯಾಗಿ ಮುಚ್ಚುವುದಿಲ್ಲ. ಪ್ರತಿ ಬಡಿತಕ್ಕೂ ಸ್ವಲ್ಪ ರಕ್ತ ಹಿಂದಕ್ಕೆ ಬೀಳುತ್ತದೆ. ಮಗು ಕೆಂಪಗಾಗುತ್ತದೆ, ಓಡುತ್ತದೆ, ಶಾಲೆಗೆ ಹೋಗುತ್ತದೆ. ಬಲಗಡೆಯ ಕೋಣೆ ಮಾತ್ರ ವರ್ಷದಿಂದ ವರ್ಷಕ್ಕೆ ಹಿಗ್ಗುತ್ತಾ ಹೋಗುತ್ತದೆ. ಇಪ್ಪತ್ತು ವರ್ಷ ಏನೂ ಗೊತ್ತಾಗದೆ ಇರಬಹುದು. ಹಳೆಯ ಹೊಲಿಗೆಯ ಗಾಯದ ಸುತ್ತ ಬಡಿತದ ಲಯ ತಪ್ಪಬಹುದು. ಸಮಯಕ್ಕೆ ಸರಿಯಾಗಿ ಸ್ಕ್ಯಾನ್ ಮಾಡಿ ನೋಡಿದ್ದರೆ ಹೊಸ ಕವಾಟ ಹಾಕಬಹುದು. ಈಗ ಕೆಲವರಿಗೆ ತೊಡೆಯ ರಕ್ತನಾಳದಿಂದಲೇ ಹಾಕುತ್ತಾರೆ, ಎದೆ ತೆರೆಯಬೇಕಿಲ್ಲ. ಆ ಕವಾಟವೂ ಸವೆಯುತ್ತದೆ, ಮತ್ತೆ ಬದಲಿಸಬೇಕಾಗುತ್ತದೆ.

ಇದನ್ನು ‘ಗುಣ’ ಅನ್ನುವುದು ಹೇಗೆ? ಹಾಗಂತ ಎಲ್ಲದಕ್ಕೂ ಆ ಪದ ತಪ್ಪಲ್ಲ. ಹುಟ್ಟಿದ ಮೇಲೆ ಮುಚ್ಚಬೇಕಿದ್ದ ನಾಳ ಮುಚ್ಚದೆ ಉಳಿದು, ಚಿಕ್ಕಂದಿನಲ್ಲೇ ಅದನ್ನು ಕಟ್ಟಿದ್ದರೆ ಧಾರಾಳವಾಗಿ ಗುಣ ಅನ್ನಿ. 1938ರಲ್ಲಿ ಬಾಸ್ಟನ್ನಿನಲ್ಲಿ ರಾಬರ್ಟ್ ಗ್ರಾಸ್ ಮಾಡಿದ್ದು ಅದನ್ನೇ. ಮೇಲಿನ ಕೋಣೆಗಳ ನಡುವಿನ ತೂತನ್ನು ಎಳೆ ವಯಸ್ಸಿನಲ್ಲಿ ಮುಚ್ಚಿದವರೂ ಹೆಚ್ಚುಕಡಿಮೆ ಉಳಿದವರ ಹಾಗೇ ಬಾಳುತ್ತಾರೆ. ಇನ್ನೊಂದು ತುದಿಯಲ್ಲಿ ಫೊಂಟಾನ್ ಆಪರೇಷನ್ ಇದೆ. ಒಂದೇ ಕೆಳಕೋಣೆ ಇರುವವರಿಗೆ ಮಾಡುವುದು. ದೇಹದಿಂದ ಬರುವ ರಕ್ತವನ್ನು ನೇರ ಶ್ವಾಸಕೋಶಕ್ಕೆ ತಿರುಗಿಸುತ್ತಾರೆ. ವರ್ಷಗಳು ಕಳೆದ ಹಾಗೆ ಪಿತ್ತಜನಕಾಂಗದ ಮೇಲೂ ಒತ್ತಡ ಬೀಳುತ್ತದೆ. ಅಲ್ಲಿ ‘ರಿಪೇರ್ಡ್’ ಅನ್ನುವುದೇ ಜಾಸ್ತಿಯಾಯಿತು.

ಬೋರ್ಡಿನ ಬಗ್ಗೆ ಒಂದು ಮಾತು. ಈ ಗೊಂದಲ ಇಂಗ್ಲಿಷಿನಲ್ಲೂ ಇತ್ತು. ಇಲ್ಲಿ ಬ್ರಿಟನ್ನಿನಲ್ಲಿ ಜೇನ್ ಸಾಮರ್ವಿಲ್ ಇಂಥ ರೋಗಿಗಳಿಗೆ ‘ಗ್ರೋನ್ ಅಪ್’ ಅನ್ನುವ ಪದ ತಂದರು, ‘ಅಡಲ್ಟ್’ ಅಲ್ಲ. ಬೆಳೆದವರು ಅಂತ. ಯುರೋಪಿನ ಹೃದ್ರೋಗ ತಜ್ಞರ ಸಂಘದ 2010ರ ಮಾರ್ಗಸೂಚಿಯಲ್ಲೂ ಆ ಪದವೇ ಇತ್ತು. 2020ರದ್ದರಲ್ಲಿ ‘ಅಡಲ್ಟ್’ಗೆ ಬದಲಾಯಿತು. ನನಗಂತೂ ಹಳೆಯದೇ ಇಷ್ಟ. ಆ ಪದದಲ್ಲಿ ಮಗು ಬೆಳೆದು ಬಂದ ದಾರಿ ಕಾಣುತ್ತದೆ.


ಬರೆದವರು: ನಿವೃತ್ತ ಕನ್ನಡ ಮೇಷ್ಟ್ರು, ತುಮಕೂರು
ಮಂಗಳವಾರ ಬೆಳಿಗ್ಗೆ

ಗಮಕದ ವಿಷಯ ಒಪ್ಪಿದೆ. ‘ಗುಣ’ದ ವಿಷಯ ಒಪ್ಪಲಾರೆ.

ಗುಣ ಅಂದರೆ ಮೊದಲು ಎಳೆ, ದಾರ. ಆಮೇಲೆ ಸ್ವಭಾವ. ಮದ್ದಿಗೆ ಒಂದು ಗುಣ ಇರುತ್ತದೆ, ಅದು ರೋಗಿಯಲ್ಲಿ ಕಾಣಿಸಿಕೊಂಡರೆ ‘ಗುಣ ಕಂಡಿತು’ ಅನ್ನುತ್ತೇವೆ. ತಮಿಳಿನಲ್ಲೂ ‘ಗುಣಮಾಗು’ ಇದೆ. ಅಂದರೆ ಸುಧಾರಿಸಿತು ಅಂತ ಅಷ್ಟೇ. ಬೇರು ಸಮೇತ ಹೋಯಿತು ಅನ್ನುವ ಅರ್ಥ ಅದರಲ್ಲಿ ಇಲ್ಲ. ಅದಕ್ಕೆ ‘ವಾಸಿ’ ಇದೆ. ಪದದ ತಪ್ಪಲ್ಲ, ಓದುವವರ ತಪ್ಪು.


ಬರೆದವರು: ಓದುಗಳು, ಹಾಸನ
ಮಂಗಳವಾರ ಬೆಳಿಗ್ಗೆ

ಮೇಷ್ಟ್ರೇ, ನಾನು ಈ ಬಳಗದಲ್ಲಿ ಸುಮ್ನೆ ಓದಿಕೊಂಡು ಇರುವವಳು. ಇವತ್ತು ಬರೆಯಲೇಬೇಕು ಅನ್ನಿಸಿತು.

ನನ್ನ ತಮ್ಮನಿಗೆ ಐದನೇ ವಯಸ್ಸಿನಲ್ಲಿ, ಮ್ಯಾಂಚೆಸ್ಟರ್ ಡಾಕ್ಟರು ಮೇಲೆ ಹೇಳಿದ ಫ್ಯಾಲೋ ತೊಂದರೆಯ ಆಪರೇಷನ್ ಆಯಿತು. ಹೊರಡುವ ದಿನ ಆಸ್ಪತ್ರೆಯಲ್ಲಿ ಅಮ್ಮನಿಗೆ, “ಪೂರ್ತಿ ಗುಣ ಆಗಿದೆಯಮ್ಮಾ, ಇನ್ನೇನೂ ಭಯ ಇಲ್ಲ” ಅಂದರು. ಅಮ್ಮ ಆ ಮಾತನ್ನು ಊರಿಗೆಲ್ಲ ಹೇಳಿದಳು. ಹರಕೆ ತೀರಿಸಿದಳು. ಚೀಟಿ ಟ್ರಂಕಿನ ತಳಕ್ಕೆ ಸೇರಿತು. ಇಪ್ಪತ್ನಾಲ್ಕು ವರ್ಷ ಅವನನ್ನು ಯಾರಿಗೂ ತೋರಿಸಲಿಲ್ಲ. ಬಡವರಾಗಿದ್ದಕ್ಕಲ್ಲ, ಅಸಡ್ಡೆಯಿಂದಲೂ ಅಲ್ಲ. ಗುಣವಾದವನನ್ನು ಯಾಕೆ ತೋರಿಸುವುದು?

ಕಾಫಿ ಕಣದಲ್ಲಿ ಮೂಟೆ ಎತ್ತುವಾಗ ಎದೆ ಹೊಡೆದುಕೊಂಡು ಬಿದ್ದ. ಆಮೇಲೆ ಗೊತ್ತಾಯಿತು, ಬಲಗಡೆ ಆ ಮಟ್ಟಕ್ಕೆ ಹಿಗ್ಗಿದೆ ಅಂತ. ಕವಾಟ ಹಾಕಿದ್ದಾರೆ. ಚೆನ್ನಾಗಿದ್ದಾನೆ. ಐದಾರು ವರ್ಷ ಮೊದಲೇ ಬರಬೇಕಿತ್ತು ಅಂದರು.

ಗುಣ ಅಂದರೆ ದಾರವೋ ಎಳೆಯೋ ನನಗೆ ಗೊತ್ತಿಲ್ಲ. ಅಮ್ಮನಿಗೆ ಕೇಳಿಸಿದ್ದು ‘ಮುಗಿಯಿತು’ ಅಂತ. ಓದುವವರ ತಪ್ಪು ಅಂತ ದಯವಿಟ್ಟು ಹೇಳಬೇಡಿ.

ಇನ್ನೊಂದು ಮಾತು. ನೀವು ಹೇಳಿದ ‘ಜನ್ಮಬಲಪ್ರವೃತ್ತ’ ಹುಡುಕಿ ನೋಡಿದೆ. ಬಸುರಿಯಾಗಿದ್ದಾಗ ತಾಯಿ ಸರಿಯಾಗಿ ನಡೆದುಕೊಳ್ಳದಿದ್ದರೆ ಬರುವ ಕಾಯಿಲೆ ಅಂತ ಸುಶ್ರುತ ಹೇಳಿದ್ದಾನೆ. ಗ್ರಹಣದ ದಿನ ಹೊರಗೆ ಹೋಗಿದ್ದೆ ಅಂತ ಅಮ್ಮ ಇವತ್ತಿಗೂ ಅಳುತ್ತಾಳೆ. ಆ ಪದ ಬೋರ್ಡಿನಲ್ಲಿ ಬೇಡ. ‘ದೋಷ’ವೂ ಬೇಡ. ಜಾತಕ ಹಿಡಿದು ಬರುವವರಿಗೆ ಆ ಒಂದು ಪದ ಸಾಕು, ಹುಡುಗಿಯ ಸಂಬಂಧ ಮುರಿಯಲು.


ಬರೆದವರು: ನಿವೃತ್ತ ಕನ್ನಡ ಮೇಷ್ಟ್ರು, ತುಮಕೂರು
ಮಂಗಳವಾರ ಮಧ್ಯಾಹ್ನ

ತಾಯೀ, ಆ ಮಾತು ವಾಪಸ್ ತೆಗೆದುಕೊಂಡೆ. ‘ಸರಿಪಡಿಸಿದ’ ಅಂತ ಇರಲಿ.


ಬರೆದವರು: ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು
ಮಂಗಳವಾರ ಮಧ್ಯಾಹ್ನ

‘ಸರಿಪಡಿಸಿದ’ ಒಳ್ಳೆಯದು. ಆದರೆ ಡಾಕ್ಟರ ಪತ್ರದಲ್ಲೂ ‘ಆಪರೇಷನ್’ ಇದೆ. ಕರಪತ್ರದಲ್ಲಿ ಅದು ಬರಬಾರದು. ಒಂದು ಸಲ ಬಿಟ್ಟುಕೊಂಡರೆ ಮುಂದೆ ಎಲ್ಲವೂ ಇಂಗ್ಲಿಷೇ. ‘ಕೊಯ್ತ’ ಅನ್ನಿ.


ಬರೆದವರು: ಪತ್ರಕರ್ತ, ಕಲಬುರಗಿ
ಮಂಗಳವಾರ ಮಧ್ಯಾಹ್ನ

ಕೊಯ್ತ ಅಂದರೆ ನಮ್ಮಲ್ಲಿ ಯಾರೂ ಒಳಗೆ ಕಾಲಿಡುವುದಿಲ್ಲ. ನಾವು ದವಾಖಾನೆಗೆ ಹೋಗುವ ಮಂದಿ. ದುರಸ್ತಿ, ದವಾ, ಹಕೀಮ ಎಲ್ಲ ನಮ್ಮ ಮನೆಯ ಮಾತು. ಪಾರ್ಸಿಯಿಂದ, ಅರಬ್ಬಿಯಿಂದ ಬಂದವು ಅಂತ ಯಾರಾದರೂ ಹೊರಗೆ ಹಾಕುತ್ತೀರಾ? ನಿಮ್ಮ ‘ಆಸ್ಪತ್ರೆ’ ಕೂಡ ಕಡಲು ದಾಟಿ ಬಂದದ್ದೇ. ಕೂಲಿಯವರು, ರೈತರು ‘ಆಪರೇಷನ್’ ಅಂತಾರೆ. ಹಾಗಾಗಿ ಅದು ಕನ್ನಡ.


ಬರೆದವರು: ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು
ಮಂಗಳವಾರ ಸಂಜೆ

ಬಾಯಲ್ಲಿ ಬಂದದ್ದೆಲ್ಲ ಕನ್ನಡವಾದರೆ ಈ ಬಳಗ ಯಾಕೆ ಬೇಕು?


ಬರೆದವರು: ಪತ್ರಕರ್ತ, ಕಲಬುರಗಿ
ಮಂಗಳವಾರ ಸಂಜೆ

ಇಂಥದ್ದಕ್ಕೇ ಬೇಕು. ಹಾಸನದ ಅಕ್ಕನ ಪತ್ರ ಇನ್ನೊಮ್ಮೆ ಓದಿ.


ಬರೆದವರು: ಅನುವಾದಕಿ, ಮೈಸೂರು
ಮಂಗಳವಾರ ರಾತ್ರಿ

ಎಲ್ಲರಿಗೂ ಧನ್ಯವಾದ. ಜಗಳ ಮುಂದುವರಿಯಲಿ, ನನಗೆ ಬೆಳಿಗ್ಗೆ ಕೊಡುವುದಿದೆ. ಡಾಕ್ಟರ ಜೊತೆ, ನರ್ಸ್ ಜೊತೆ ಕೂತು ಹೀಗೆ ಮಾಡಿದ್ದೇವೆ.

ಬೋರ್ಡಿಗೆ ದೊಡ್ಡ ಅಕ್ಷರದಲ್ಲಿ: ‘ಹುಟ್ಟುಹೃದ್ರೋಗ ವಿಭಾಗ’. ಕೆಳಗೆ ಸಣ್ಣದಾಗಿ: ‘ಹುಟ್ಟಿನಿಂದಲೇ ಹೃದಯದ ತೊಂದರೆ ಇದ್ದು, ಈಗ 18 ವರ್ಷ ತುಂಬಿದವರಿಗೆ’. ವಯಸ್ಕ ಅನ್ನುವ ಪದವೇ ಇಲ್ಲ.

ಕರಪತ್ರದ ಮೊದಲ ಸಾಲು: ‘ಚಿಕ್ಕಂದಿನಲ್ಲಿ ಹೃದಯದ ಆಪರೇಷನ್ ಆಗಿದೆಯೇ? ಆಗ ಸರಿಪಡಿಸಿದ್ದಾರೆ. ಈಗ ಹೇಗಿದೆ ಅಂತ ನೋಡಬೇಕು.’ ‘ಗುಣ’ ಎಲ್ಲಿಯೂ ಇಲ್ಲ. ಆಪರೇಷನ್ ಉಳಿಸಿಕೊಂಡಿದ್ದೇನೆ. ಬೆಂಗಳೂರಿನ ಸರ್ ಬೇಸರ ಮಾಡಿಕೊಳ್ಳಬಾರದು. ಎದೆಯ ಮೇಲಿನ ಗೆರೆ ತೋರಿಸಿ ಜನ ಹೇಳುವ ಪದ ಅದೊಂದೇ.

ಫಾಲೋಅಪ್‌ಗೆ ಒಂದು ಪದವೇ ಬೇಡ ಅಂದುಕೊಂಡೆವು. ಹಾಸನದವರು ಬರೆದ ‘ತೋರಿಸು’ ಸಾಕು. ‘ಏನೂ ತೊಂದರೆ ಇಲ್ಲದಿದ್ದರೂ, ಡಾಕ್ಟರು ಹೇಳಿದ ಸಮಯಕ್ಕೆ ಬಂದು ತೋರಿಸಿಕೊಳ್ಳಿ. ಇದು ಬದುಕಿರುವವರೆಗೂ.’ ಅದರ ಕೆಳಗೆ, ಮಗು ಬೇಕು ಅಂದುಕೊಂಡವರು ಬಸುರಿಯಾಗುವ ಮೊದಲೇ ಬರಬೇಕು ಅಂತ ಒಂದು ಸಾಲು. ಹಲ್ಲು ಕೀಳಿಸುವ ಮೊದಲು ಕೇಳಬೇಕು ಅಂತ ಇನ್ನೊಂದು, ಒಸಡಿನ ಸೋಂಕು ರಕ್ತದಲ್ಲಿ ಹೋಗಿ ಕವಾಟಕ್ಕೆ ಅಂಟಬಹುದಂತೆ. ಕೊನೆಯಲ್ಲಿ ಡಾಕ್ಟರು ತಾವೇ ಒಂದು ಸೇರಿಸಿದರು: ‘ಹಳೆಯ ಚೀಟಿ ಇದ್ದರೆ ತನ್ನಿ. ಇಲ್ಲದಿದ್ದರೂ ಬನ್ನಿ.’

ಬೋರ್ಡ್ ಆರು ಅಡಿ ಇದೆ. ಇಷ್ಟೂ ಹಿಡಿಯುತ್ತದೆ ಅಂತ ಹೇಳಿದ್ದಾರೆ.


ಬರೆದವರು: ನಿವೃತ್ತ ಕನ್ನಡ ಮೇಷ್ಟ್ರು, ತುಮಕೂರು
ಮಂಗಳವಾರ ರಾತ್ರಿ

ಬೋರ್ಡ್ ಬರೆಯುವಾಗ ನೀವು ಹತ್ತಿರವೇ ಇರಿ ಮೇಡಂ. ‘ಹೃ’ ಅನ್ನು ‘ಹ್ರ’ ಮಾಡುತ್ತಾರೆ. ಒಂದು ಹಾಳೆಯಲ್ಲಿ ದೊಡ್ಡದಾಗಿ ಬರೆದುಕೊಟ್ಟುಬಿಡಿ.