ಸಹಾಯ ಬೇಕು: ಮೈಲುತುತ್ತ (ತಾಮ್ರದ ಸಲ್ಫೇಟ್) ಬೆರೆತ ನೀರು ಮೀನಿಗೆ ಎಷ್ಟು ವಿಷವೆಂದು ಅಂದಾಜಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಮೂಡಿಗೆರೆ ಕಡೆಯ ನಮ್ಮ ತೋಟದಲ್ಲಿ ಅಡಿಕೆಯ ಕೊಳೆರೋಗಕ್ಕೆ ಶೇ. 1ರ ಬೋರ್ಡೋ ದ್ರಾವಣವನ್ನು, ಅಂದರೆ 100 ಲೀಟರ್ ನೀರಿಗೆ ತಲಾ 1 ಕೆ.ಜಿ. ಮೈಲುತುತ್ತ ಮತ್ತು ಸುಣ್ಣ ಬೆರೆಸಿ, ಸಿಂಪಡಿಸುತ್ತೇವೆ. ಡ್ರಮ್ಮು ತೊಳೆದ ನೀರು ಹರಿಯುವ ಚರಂಡಿಯ ಕಲ್ಲುಗಳ ಮೇಲೆ ತಿಳಿನೀಲಿ ಪೊರೆ ಕಟ್ಟಿದೆ. ಅದೇ ನೀರು ಕಾಟ್ಲಾ, ರೋಹು ಬಿಟ್ಟಿರುವ ಹೊಂಡಕ್ಕೆ ಸೇರುತ್ತದೆ. ಮೀನು ಸತ್ತಿಲ್ಲ ಎಂಬುದೊಂದೇ ನನ್ನ ನೆಮ್ಮದಿಗೆ ಸಾಲದು.

ಹೊಂಡದ ನೀರನ್ನು ಪ್ರಯೋಗಾಲಯಕ್ಕೆ ಕೊಟ್ಟು ಒಟ್ಟು ತಾಮ್ರದ ಪ್ರಮಾಣವನ್ನು ಪಡೆದಿದ್ದೇನೆ. ಅದನ್ನು ಎಲ್‌ಸಿ50ರೊಂದಿಗೆ, ಅಂದರೆ 96 ಗಂಟೆಗಳಲ್ಲಿ ಅರ್ಧದಷ್ಟು ಮೀನುಗಳನ್ನು ಕೊಲ್ಲುವ ಸಾಂದ್ರತೆಯೊಂದಿಗೆ, ಹೋಲಿಸಲು ಹೊರಟಾಗ ಗೊಂದಲವಾಯಿತು. ತಾಮ್ರದ ವಿಷತ್ವವು ನೀರಿನ ಗಡಸುತನ, ಪಿಎಚ್ ಹಾಗೂ ಕರಗಿದ ಸಾವಯವ ಅಂಶಗಳನ್ನು ಅವಲಂಬಿಸಿದ್ದು, ಮೆದು ನೀರಿನಲ್ಲಿ ಹೆಚ್ಚು ತೀವ್ರವಾಗಿರುತ್ತದೆ. ನಮ್ಮದು ಮೆದು ನೀರು. ನನಗೆ ಸಿಕ್ಕ ಅಂಕಿಗಳಾದರೋ ಬಹುಪಾಲು ಗಡಸು ನೀರಿನವು. ಸಾಲದ್ದಕ್ಕೆ, ಮೀನಿನ ಆಹಾರವಾದ ಡಾಫ್ನಿಯಾ ಎಂಬ ಪುಟ್ಟ ಜಲಚರದ 48 ಗಂಟೆಗಳ ಪರೀಕ್ಷೆಯ ಮೌಲ್ಯ ಇನ್ನೂ ಕೆಳಗಿದೆ.

ತಿಳಿದವರು ದಯವಿಟ್ಟು ತಿಳಿಸಿ: ಹೋಲಿಕೆಗೆ ಒಟ್ಟು ತಾಮ್ರವನ್ನೇ ಬಳಸಬಹುದೇ, ಅಥವಾ 0.45 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿದ ನೀರಿನಲ್ಲಿರುವ ಕರಗಿದ ತಾಮ್ರವನ್ನು ಪುನಃ ಅಳೆಸಬೇಕೇ? ಗಡಸು ನೀರಿನ ಎಲ್‌ಸಿ50 ಅನ್ನು ನಮ್ಮ ನೀರಿನ ಗಡಸುತನಕ್ಕೆ ಹೊಂದಿಸುವ ಕ್ರಮ ಯಾವುದು?