ಕೆಟ್ಟ ಕಂಪ್ಯೂಟರುಗಳಿಂದ ಮಕ್ಕಳ ಕೈಯಲ್ಲಿ ಕಲಾಕೃತಿ: ಸಲಹೆ ಬೇಕು

ಚಿತ್ರಕಲಾ ಶಿಕ್ಷಕಿ, ಇಳಕಲ್ಲ:
ನಮ್ಮ ಪ್ರೌಢಶಾಲೆಯಲ್ಲಿ ಕೆಟ್ಟು ಮೂಲೆ ಸೇರಿದ ಕಂಪ್ಯೂಟರುಗಳೂ ಮಕ್ಕಳು ಮನೆಯಿಂದ ತಂದ ಮೊಬೈಲುಗಳೂ ಎರಡು ಗೋಣಿಚೀಲದಷ್ಟಿವೆ. ಮೊದಲ ದಿನ ಮದರ್‌ಬೋರ್ಡುಗಳನ್ನು (ಕಂಪ್ಯೂಟರಿನೊಳಗಿನ ಮುಖ್ಯ ಹಲಗೆಗಳನ್ನು) ಬಿಸಿ ಅಂಟಿನಿಂದ ಹಲಗೆಗೆ ಮೆತ್ತಿ ಗೋಳಗುಮ್ಮಟ ಮಾಡಿದೆವು. ದೂರದಿಂದ ಅದು ಗುಮ್ಮಟವೇ, ಹತ್ತಿರ ಹೋದರೆ ಗುಜರಿ ಅಂಗಡಿ. ಒಂಬತ್ತನೆಯ ತರಗತಿಯವರ ಕೈಗೆ ಯಾವ ಭಾಗ ಕೊಡಬಹುದು, ವಿನ್ಯಾಸ ಹೇಗಿರಬೇಕು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಕಂಪ್ಯೂಟರ್ ರಿಪೇರಿಯವನು, ಬೆಳಗಾವಿ:
ಮೇಡಂ ಅವರೇ, ಹಳೆಯ ಡಬ್ಬಿ ಮಾನಿಟರುಗಳನ್ನು ಬಿಚ್ಚಲೇಬೇಡಿ. ಅದರ ಟ್ಯೂಬಿನ ಗಾಜಿನಲ್ಲಿ ಸೀಸವಿದೆ, ಪ್ಲಗ್ ಕಿತ್ತ ಮೇಲೂ ಒಳಗೆ ಕರೆಂಟು ಉಳಿದಿರಬಹುದು. ಎಸ್‌ಎಂಪಿಎಸ್, ಅಂದರೆ ಕಂಪ್ಯೂಟರಿಗೆ ಕರೆಂಟು ಕೊಡುವ ಡಬ್ಬಿಯ, ಕರೆಂಟು ಹಿಡಿದಿಡುವ ದೊಡ್ಡ ಕೆಪಾಸಿಟರುಗಳಲ್ಲಿ 300 ವೋಲ್ಟಿಗೂ ಹೆಚ್ಚು ತುಂಬಿರಬಹುದು. ಮೊಬೈಲ್ ಬ್ಯಾಟರಿಗಳನ್ನು ಮೊದಲೇ ಬೇರೆ ತೆಗೆದಿಡಿ, ಚುಚ್ಚಿದರೆ ಹೊತ್ತಿಕೊಳ್ಳುತ್ತವೆ. ಬೋರ್ಡಿಗೆ ಗರಗಸ ಹಾಕಿದರೆ ಗಾಜಿನ ನಾರಿನ ಪುಡಿ ಏಳುತ್ತದೆ, ಹಳೆಯ ಬೆಸುಗೆಯಲ್ಲಿಯೂ ಸೀಸವಿರುತ್ತದೆ. ಆದ್ದರಿಂದ ಸ್ಕ್ರೂಡ್ರೈವರಿನಿಂದ ಬಿಚ್ಚಿ ಬಂದಷ್ಟೇ ಸಾಕು, ಕೆಲಸ ಮುಗಿದೊಡನೆ ಕೈ ತೊಳೆಸಿ. ಹಾರ್ಡ್‌ಡಿಸ್ಕಿನ ತಟ್ಟೆ ಕನ್ನಡಿಯಂತೆ ಹೊಳೆಯುತ್ತದೆ, ಮಕ್ಕಳು ಅದಕ್ಕಾಗಿ ಜಗಳಾಡುತ್ತಾರೆ; ಆದರೆ ಲ್ಯಾಪ್‌ಟಾಪಿನ ತಟ್ಟೆ ಗಾಜಿನದೂ ಇರುವುದುಂಟು, ಬಗ್ಗಿಸಹೋದರೆ ಚೂರಾಗುತ್ತದೆ.

ನಿವೃತ್ತ ಕಲಾ ಶಿಕ್ಷಕ, ವಿಜಯಪುರ:
ಅಂಟು ಬೇಡವೆಂಬುದು ನನ್ನ ಖಚಿತ ಅಭಿಪ್ರಾಯ. ಕಲಾಕೃತಿಗೂ ಒಂದು ದಿನ ಧೂಳು ಹಿಡಿಯುತ್ತದೆ, ಆಗ ಅಂಟಿನಲ್ಲಿ ಹೂತ ಲೋಹವನ್ನು ಮರುಬಳಕೆಗೆ ಬಿಡಿಸುವುದು ಕಷ್ಟ, ಕಟ್ಟಿದ್ದನ್ನಾದರೆ ಬಿಚ್ಚಬಹುದು. ನಿಮ್ಮ ಸೀಮೆಯಲ್ಲಿ ಕಸೂತಿಯಿರುವಾಗ ಗುಮ್ಮಟವೇಕೆ? ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ಲ್ಯಾನ್ ಕೇಬಲನ್ನು ಸೀಳಿದರೆ ಕಿತ್ತಳೆ, ಹಸಿರು, ನೀಲಿ, ಕಂದು, ಇವಕ್ಕೊಂದೊಂದು ಬಿಳಿ ಬೆರೆತ ಜೋಡಿ, ಹೀಗೆ 8 ಎಳೆಗಳು ಸಿಗುತ್ತವೆ. ಕ್ಯಾಬಿನೆಟ್ಟಿನ ತೂತುಗಳುಳ್ಳ ತಗಡಿನ ಮೇಲೆ ಕಸೂತಿಯ ಗವಂತಿ ಹೊಲಿಗೆ ಹಾಕಿಸಿ: ಎಳೆ ಒಂದು ಮನೆ ಬಿಟ್ಟು ಒಂದು ಮನೆ ಹೋಗಿ, ಮರಳಿ ಬರುವಾಗ ಬಿಟ್ಟ ಮನೆಗಳನ್ನು ತುಂಬುತ್ತದೆ, ಹಿಂದೆ ಮುಂದೆ ಎರಡೂ ಕಡೆ ಒಂದೇ ರೂಪ. ಗೋಪುರ, ತೇರುಗಳನ್ನು ಬಟ್ಟೆಯ ಮೇಲೆ ಗೀಚದೆ ಎಳೆ ಎಣಿಸಿಯೇ ಹಾಕುವುದು ರೂಢಿ. ಇಲ್ಲಿ ತೂತು ಎಣಿಸಿದರಾಯಿತು.

ಶಾಲಾ ಗುಮಾಸ್ತ, ಬಾಗಲಕೋಟೆ:
ಶಾಲೆಯ ಕಂಪ್ಯೂಟರುಗಳು ಡೆಡ್‌ಸ್ಟಾಕ್ ರಜಿಸ್ಟರಿನಲ್ಲಿ (ಶಾಲೆಯ ಸಾಮಾನುಗಳ ಲೆಕ್ಕದ ಪುಸ್ತಕದಲ್ಲಿ) ಇದ್ದರೆ ವಿಲೇವಾರಿಗೆ ಮಂಜೂರಾತಿ ಪಡೆಯದೆ ಬಿಚ್ಚಬೇಡಿ. ಆಡಿಟ್‌ನವರು ಕೇಳುವುದು ಕಲೆಯನ್ನಲ್ಲ, ಸಂಖ್ಯೆಯನ್ನು. ಉಳಿದ ಸರಕನ್ನು, 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳಂತೆ ನೋಂದಾಯಿತ ಮರುಬಳಕೆದಾರರಿಗೇ ಕೊಡಿ.

ಚಿತ್ರಕಲಾ ಶಿಕ್ಷಕಿ, ಇಳಕಲ್ಲ:
ಎಲ್ಲರಿಗೂ ಧನ್ಯವಾದಗಳು. ಮಂಜೂರಾತಿ ಬರುವವರೆಗೆ ಮಕ್ಕಳು ಮನೆಯಿಂದ ತಂದದ್ದನ್ನಷ್ಟೇ ಬಳಸುತ್ತೇವೆ. ಆದರೆ ಕಸೂತಿಯಲ್ಲಿ ನಮ್ಮೂರ ಸೀರೆಯ ಸೆರಗನ್ನೇ ಮಾಡೋಣವೆಂದರೆ ಅದಕ್ಕೆ ಕೆಂಪು ಬೇಕಲ್ಲ, ಲ್ಯಾನ್ ಕೇಬಲಿನಲ್ಲಿ ಅದಿಲ್ಲ.

ಕಂಪ್ಯೂಟರ್ ರಿಪೇರಿಯವನು, ಬೆಳಗಾವಿ:
ಎಸ್‌ಎಂಪಿಎಸ್‌ನಿಂದ ಹೊರಬರುವ 5 ವೋಲ್ಟಿನ ತಂತಿಗಳು ಸಾಮಾನ್ಯವಾಗಿ ಕೆಂಪೇ. ನನ್ನ ಅಂಗಡಿಯಲ್ಲಿ ಸುಟ್ಟುಹೋದ ಎಸ್‌ಎಂಪಿಎಸ್‌ಗಳು ಬೇಕಾದಷ್ಟಿವೆ. ನಾನೇ ಕತ್ತರಿಸಿ, ಬರೀ ತಂತಿ ಕಳುಹಿಸುತ್ತೇನೆ.