ಸ್ವಂತ ಮುಖವನ್ನೇ ಬರೆಯುತ್ತಾ ಕೂತರೆ ಮನಸ್ಸು ವಾಸಿಯಾಗುತ್ತದಾ?

ಕನ್ನಡಿ_ಮುಂದೆ:
ಕಳೆದ ವರ್ಷ ಥೈರಾಯ್ಡ್ ಆಪರೇಷನ್ ಆಯಿತು. ಕತ್ತಿನ ಮೇಲೆ ಅಡ್ಡಕ್ಕೆ, ಬೆರಳುದ್ದ ಒಂದು ಕಲೆ ಉಳಿದಿದೆ. ಆಮೇಲೆ ಹೇಗೋ ಎಣ್ಣೆಬಣ್ಣ ಮತ್ತೆ ಕೈಗೆ ಬಂತು. ಮೊದಲೆಲ್ಲ ಹೂವು, ಬಾಟಲಿ ಅಂತ ಏನೇನೋ ಬರೆಯುತ್ತಿದ್ದವಳು ಈಗ ಬರೀ ನನ್ನನ್ನೇ ಬರೆಯುತ್ತಿದ್ದೇನೆ. ಹನ್ನೊಂದು ಆಗಿವೆ. ಮೊನ್ನೆ ಎಲ್ಲವನ್ನೂ ಗೋಡೆಗೆ ಸಾಲಾಗಿ ಒರಗಿಸಿ ನೋಡಿದರೆ ಒಂದರಲ್ಲೂ ಕತ್ತು ಕಾಣಿಸುತ್ತಿಲ್ಲ! ಒಂದರಲ್ಲಿ ಸ್ಕಾರ್ಫ್, ಒಂದರಲ್ಲಿ ಕಾಲರ್, ಇನ್ನೊಂದರಲ್ಲಿ ಗಲ್ಲದ ನೆರಳನ್ನೇ ಇದ್ದಿಲಿನ ಹಾಗೆ ಕಪ್ಪು ಮಾಡಿಬಿಟ್ಟಿದ್ದೇನೆ. ಬರೆಯುವಾಗ ಒಂದು ಸಲವೂ ಹೊಳೆದಿರಲಿಲ್ಲ.

"ಎಷ್ಟು ಅಂತ ನಿನ್ನ ಮುಖಾನೇ ಬರೀತೀಯ" ಅಂತ ಮನೆಯಲ್ಲಿ ನಗುತ್ತಾರೆ. ಅವರದ್ದೂ ತಪ್ಪಲ್ಲ ಬಿಡಿ. ಆದರೆ ಕನ್ನಡಿಯಲ್ಲಿ ಇರುವವಳು ಆಪರೇಷನ್‌ಗೆ ಮುಂಚಿನ ನಾನಾ, ಈಗಿನ ನಾನಾ ಅಂತ ನಿಜವಾಗಿ ಗೊಂದಲ ಆಗುತ್ತದೆ. ಸೆಲ್ಫ್ ಪೋರ್ಟ್ರೇಟ್ ಬರೆದರೆ ಮನಸ್ಸಿನ ಗಾಯ ಮಾಯುತ್ತದೆ ಅನ್ನುತ್ತಾರಲ್ಲ, ಅದು ನಿಜಾನಾ, ಸುಮ್ನೆ ಚೆಂದಕ್ಕೆ ಹೇಳುವ ಮಾತಾ? ಕತ್ತಿನ ಕಲೆಯನ್ನು ಬರೆಯಲೇಬೇಕಾ?

ಒಣಗದ_ಬಣ್ಣ:
ಈ ಪ್ರಶ್ನೆ ಬಂದಾಗೆಲ್ಲ ಯಾರಾದರೂ ಮೆಕ್ಸಿಕೊದ ಚಿತ್ರಕಾರ್ತಿ ಫ್ರೀಡಾ ಕಾಲೊ ಹೆಸರು ತೆಗೆಯುತ್ತಾರೆ. ನಾನೂ ತೆಗೆಯುತ್ತೇನೆ, ಆದರೆ "ನೋಡಿ, ಚಿತ್ರ ಬರೆದು ಹುಷಾರಾದಳು" ಅನ್ನಲಿಕ್ಕಲ್ಲ. ಅವಳು ಹುಷಾರಾಗಲೇ ಇಲ್ಲ. 1925ರಲ್ಲಿ, ಹದಿನೆಂಟನೇ ವಯಸ್ಸಿಗೆ ಬಸ್ ಅಪಘಾತ. ಬೆನ್ನುಮೂಳೆ, ಸೊಂಟ, ಕಾಲು ಎಲ್ಲ ಮುರಿಯಿತು. ಮಲಗಿದಲ್ಲೇ ಬರೆಯಲಿ ಅಂತ ಅಮ್ಮ ವಿಶೇಷ ಈಸೆಲ್ (ಚಿತ್ರ ನಿಲ್ಲಿಸುವ ಸ್ಟ್ಯಾಂಡ್) ಮಾಡಿಸಿದರು, ಹಾಸಿಗೆಯ ಮೇಲ್ಗಡೆ ಕನ್ನಡಿ ಹಾಕಿಸಿದರು. ಕಣ್ಣು ಬಿಟ್ಟರೆ ಎದುರಿಗೆ ಇದ್ದದ್ದು ಅದೊಂದೇ ಮುಖ, ಅದನ್ನೇ ಬರೆದಳು. ಆಮೇಲೂ ಆಪರೇಷನ್ ಮೇಲೆ ಆಪರೇಷನ್. 1953ರಲ್ಲಿ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು, ಮರುವರ್ಷ ತೀರಿಕೊಂಡಳು.

ಹಾಗಾದರೆ ಬರೆದು ಸಿಕ್ಕಿದ್ದೇನು? 1944ರ 'ಮುರಿದ ಕಂಬ' ನೋಡಿ. ಕತ್ತಿನಿಂದ ಸೊಂಟದವರೆಗೆ ಮೈ ಸೀಳಿದೆ, ಬೆನ್ನುಮೂಳೆಯ ಜಾಗದಲ್ಲಿ ಬಿರುಕು ಬಿಟ್ಟ ಕಲ್ಲಿನ ಕಂಬ, ಮೈಯೆಲ್ಲ ಮೊಳೆ, ಕೆನ್ನೆ ಮೇಲೆ ಕಣ್ಣೀರಿನ ಹನಿ. ಮುಖ ಮಾತ್ರ ನೆಟ್ಟಗೆ ನಮ್ಮನ್ನೇ ನೋಡುತ್ತಿದೆ. ಡಾಕ್ಟರುಗಳು ಎಷ್ಟೋ ಎಕ್ಸ್‌ರೇ ತೆಗೆದ ಮೈಯನ್ನು ಹೇಗೆ ತೋರಿಸಬೇಕು ಅಂತ ಇಲ್ಲಿ ಅವಳೇ ತೀರ್ಮಾನ ಮಾಡಿದ್ದಾಳೆ, ನನಗೆ ದೊಡ್ಡದು ಅನಿಸುವುದು ಅದು.

ನಿಮ್ಮ "ಯಾವ ನಾನು" ಅನ್ನುವುದಕ್ಕೂ ಅವಳಲ್ಲಿ ಒಂದು ಚಿತ್ರ ಇದೆ. ಗಂಡನಿಂದ ಬೇರೆಯಾದ 1939ರಲ್ಲೇ 'ಇಬ್ಬರು ಫ್ರೀಡಾ' ಬರೆದಳು. ಒಬ್ಬಳು ಯುರೋಪಿಯನ್ ಬಿಳಿ ಉಡುಪಿನಲ್ಲಿ, ಇನ್ನೊಬ್ಬಳು ಮೆಕ್ಸಿಕೊದ ಸಾಂಪ್ರದಾಯಿಕ ತೆಹುವಾನಾ ಉಡುಪಿನಲ್ಲಿ. ಕೈ ಕೈ ಹಿಡಿದು ಕೂತಿದ್ದಾರೆ, ಇಬ್ಬರ ಹೃದಯಕ್ಕೂ ಒಂದೇ ರಕ್ತನಾಳ. ಯಾರು ನಿಜ ಅಂತ ಅವಳು ಆರಿಸಲು ಹೋಗಲಿಲ್ಲ.

ಹಳೇ_ಬ್ರಷ್:
ವಾಸಿ ಗೀಸಿ ಆಮೇಲೆ. ನಿಮ್ಮ ಕಲೆ ಯಾವ ಬಣ್ಣ ಇದೆ, ಹೇಳಿ ನೋಡೋಣ?

ಕೆಂಪು ಅಂತೀರಿ, ಅಲ್ವಾ? ಹೋಗಿ ಕಿಟಕಿ ಬೆಳಕಲ್ಲಿ ನೋಡಿ. ಹೊಸ ಕಲೆ ಗುಲಾಬಿ, ನೇರಳೆ ಕಡೆ ಇರುತ್ತದೆ. ಹಳೆಯದಾಗುತ್ತಾ ಸಾಮಾನ್ಯವಾಗಿ ಸುತ್ತಲಿನ ಚರ್ಮಕ್ಕಿಂತ ಬಿಳಚಿಕೊಳ್ಳುತ್ತದೆ, ಸ್ವಲ್ಪ ಮಿನುಗುತ್ತದೆ ಕೂಡ. ನನ್ನ ಮುಂಗೈಯಲ್ಲಿ ಸುಟ್ಟ ಕಲೆ ಇದೆ, ವರ್ಷಗಟ್ಟಲೆ ತುಂಬು ತೋಳಿನ ಅಂಗಿ ಹಾಕುತ್ತಿದ್ದೆ. ಒಂದು ದಿನ ಅದನ್ನು ಬರೆಯಲು ಕೂತೆ. ಬಿಳಿ, ಯೆಲ್ಲೊ ಓಕರ್ ಅನ್ನುವ ಮಣ್ಣು ಹಳದಿ, ಚೂರು ಕೆಂಪು, ಸರಿ ಬರಲಿಲ್ಲ. ಒಂದು ಎಳೆ ಹಸಿರು ಸೇರಿಸಿದೆ, ಆಗ ಹತ್ತಿರ ಬಂತು. ಆ ಒಂದು ಗಂಟೆಯಲ್ಲಿ "ಅಯ್ಯೋ ನನ್ನ ಕೈ" ಅಂತ ಒಂದು ಸಲವೂ ಅನಿಸಲಿಲ್ಲ, ಹಸಿರು ಜಾಸ್ತಿ ಆಯಿತಾ ಅನ್ನುವುದೇ ಚಿಂತೆ.

ಫೋಟೋ ಇಟ್ಟುಕೊಂಡು ಬರೆಯಬೇಡಿ, ಕನ್ನಡಿ ಇಡಿ. ಎಡ ಬಲ ತಿರುಗುಮುರುಗಾಗುತ್ತದೆ, ಇರಲಿ, ನಿಮಗೆ ಗೊತ್ತಿರುವ ನೀವು ಅದೇ ತಾನೆ. ಮತ್ತೆ ಅಮೆರಿಕದ ಚಿತ್ರಕಾರ್ತಿ ಆಲಿಸ್ ನೀಲ್ 1980ರಲ್ಲಿ ಮುಗಿಸಿದ ಸ್ವಂತ ಚಿತ್ರ ಹುಡುಕಿ ನೋಡಿ. ಎಂಬತ್ತು ವರ್ಷದ ಅಜ್ಜಿ, ಬಟ್ಟೆ ಇಲ್ಲ, ಕಣ್ಣಿಗೆ ಕನ್ನಡಕ, ನೀಲಿ ಪಟ್ಟೆಯ ಕುರ್ಚಿ, ಕೈಯಲ್ಲಿ ಬ್ರಷ್. ಜೋತ ಹೊಟ್ಟೆ, ಜೋತ ಎದೆ, ಏನನ್ನೂ ಮುಚ್ಚಿಲ್ಲ. ಪಾಪ ಅನ್ನಲಿಕ್ಕೂ ಬಿಡುವುದಿಲ್ಲ ಆ ಯಮ್ಮ.

ನೆರಳು_ಬೆಳಕು:
ನಾನು ಸ್ವಲ್ಪ ಉಲ್ಟಾ ಹೇಳುತ್ತೇನೆ, ಬೇಜಾರಾಗಬೇಡಿ. ಮದುವೆ ಮುರಿದಾಗ ನಾನೂ ಇದನ್ನೇ ಮಾಡಿದೆ, ದಿನಾ ರಾತ್ರಿ ಕನ್ನಡಿ ಮುಂದೆ ಕೂತು ಅದೇ ಜೋಲು ಮುಖ ಬರೆದು ಬರೆದು ಕೊನೆಗೆ ಬೆಳಿಗ್ಗೆ ಎದ್ದರೆ ಮುಖಕ್ಕೆ ಆ ಭಾವ ತಾನಾಗಿ ಬಂದು ಕೂರುತ್ತಿತ್ತು. ಗಾಯದ ಹಕ್ಕಳೆಯನ್ನು ದಿನಾ ಕಿತ್ತ ಹಾಗೆ. ಕೌನ್ಸೆಲರ್ ಹತ್ತಿರ ಹೋದ ಮೇಲೇ ನಿದ್ದೆ ಬಂದದ್ದು. ಚಿತ್ರ ಆ ಕೆಲಸ ಮಾಡಲಿಲ್ಲ.

ಮತ್ತೆ ಶುರು ಮಾಡಿದಾಗ ಕನ್ನಡಿಯನ್ನೇ ತೆಗೆದಿಟ್ಟೆ. ಆಸ್ಟ್ರಿಯಾದ ಮರಿಯಾ ಲಾಸ್‌ನಿಗ್ ಹೀಗೆ ಬರೆಯುತ್ತಿದ್ದರು, ಕಣ್ಣಿಗೆ ಕಂಡದ್ದನ್ನಲ್ಲ, ಆ ಗಳಿಗೆ ಮೈಯಲ್ಲಿ ಏನು ಗೊತ್ತಾಗುತ್ತದೋ ಅದನ್ನು. ಗೊತ್ತಾಗದ ಭಾಗ ಚಿತ್ರದಲ್ಲೂ ಇಲ್ಲ, ಅದಕ್ಕೇ ಎಷ್ಟೋ ಮುಖಗಳಿಗೆ ಕೂದಲಿಲ್ಲ. ಈಗಿನವರಲ್ಲಿ ಬ್ರಿಟನ್ನಿನ ಟ್ರೇಸಿ ಎಮಿನ್ ಇದ್ದಾರೆ, 2020ರಲ್ಲಿ ಮೂತ್ರಕೋಶದ ಕ್ಯಾನ್ಸರ್‌ಗೆ ದೊಡ್ಡ ಆಪರೇಷನ್ ಆಯಿತು. ಅವರ ಚಿತ್ರಗಳಲ್ಲಿ ಮೈಯ ಗೆರೆ ಅರ್ಧಕ್ಕೇ ನಿಲ್ಲುತ್ತದೆ, ಬಣ್ಣ ಸೋರುತ್ತದೆ, ಮುಖ ಅಳಿಸಿಹೋದ ಹಾಗಿರುತ್ತದೆ. ನೀವೂ ಮುಖ ಬಿಟ್ಟು ನೋಡಿ. ಕಲೆ ಇವತ್ತೇ ಬರೆಯಬೇಕು ಅಂತ ಯಾರೂ ಕಾಯುತ್ತಿಲ್ಲ.

ಕನ್ನಡಿ_ಮುಂದೆ:
ಹತ್ತು ದಿನ ಆಯಿತು, ಸಾರಿ. ಮುಖ ಬಿಟ್ಟೆ, ಆದರೆ ಕನ್ನಡಿ ಬಿಡಲಿಲ್ಲ. ಗಲ್ಲದಿಂದ ಕಾಲರ್ ಮೂಳೆವರೆಗೆ ಮಾತ್ರ, ಸಣ್ಣ ಕ್ಯಾನ್ವಾಸು. ಇಷ್ಟು ದಿನ ಅದು ನೇರ ಗೆರೆ ಅಂದುಕೊಂಡಿದ್ದೆ, ಅಲ್ಲವೇ ಅಲ್ಲ, ಒಂದು ತುದಿ ಕೊಂಚ ಮೇಲಕ್ಕೆ ಏರಿದೆ. ನಡುವೆ ಒಂದು ಸಣ್ಣ ಗಂಟೂ ಇದೆ. ಮೊದಲ ದಿನ ಕೈ ನಡುಗಿತು, ಎದ್ದು ಹೋದೆ. ಮೂರನೇ ದಿನ ಕೂತೆ.

@ಹಳೇ_ಬ್ರಷ್, ಬಿಳಿ ಜಾಸ್ತಿ ಬಿತ್ತು ಅನಿಸುತ್ತದೆ. ಸೀಮೆಸುಣ್ಣದಲ್ಲಿ ಗೀಚಿದ ಹಾಗೆ ಕಾಣುತ್ತಿದೆ. ಕೆರೆದು ತೆಗೆಯಲಾ?

ಹಳೇ_ಬ್ರಷ್:
ಕೆರೆಯಬೇಡಿ. ಮುಟ್ಟಿದರೆ ಅಂಟದಷ್ಟು ಒಣಗಲಿ, ದಪ್ಪ ಹಚ್ಚಿದ್ದರೆ ವಾರದ ಮೇಲೇ ಬೇಕು. ಆಮೇಲೆ ಕೆಂಪನ್ನು ಎಣ್ಣೆಯಲ್ಲಿ ತೆಳ್ಳಗೆ ಮಾಡಿ ಮೇಲಿಂದ ಒಂದು ಕೈ ಎಳೆದು, ಬಟ್ಟೆಯಲ್ಲಿ ಒರೆಸಿಬಿಡಿ. ಆ ಗಂಟಿನ ಮೇಲೆ ಮಾತ್ರ ಬಿಳಿ ಹಾಗೇ ಇರಲಿ, ಬೆಳಕು ಬೀಳುವುದು ಅಲ್ಲೇ.